ಗುಂಡಗಿರುವುದು ಊರಿನ ಗೋಡೆ, ಉಲ್ಕೆಯ ಗುಂಡಿ ಅಲ್ಲ

ಪ್ರಶ್ನೆ: ಜರ್ಮನಿಯಲ್ಲಿ ಉಲ್ಕೆ ಬಿದ್ದ ಗುಂಡಿಯೊಳಗೆ ಗುಂಡಗೆ ಕಟ್ಟಿದ ಒಂದು ಊರಿದೆಯಂತೆ. ಅಲ್ಲಿನ ಕಲ್ಲಿನಲ್ಲೆಲ್ಲ ವಜ್ರ ಇದೆಯಂತೆ. ನಿಜವಾ? ಮ್ಯೂನಿಕ್‌ನಲ್ಲಿರುವ ಮಗನ ಮನೆಗೆ ಹೊರಟಿದ್ದೇವೆ, ಅಲ್ಲಿಗೂ ಹೋಗಿ ಬರಬಹುದಾ?

ಉತ್ತರ: ಹೋಗಿ ಬನ್ನಿ, ಖಂಡಿತ ನೋಡುವಂಥ ಊರು. ಹೆಸರು ನೋರ್ಡ್‌ಲಿಂಗನ್. ಬವೇರಿಯಾದ ಪಶ್ಚಿಮದ ಅಂಚಿನಲ್ಲಿದೆ, ಜನಸಂಖ್ಯೆ 20 ಸಾವಿರದ ಆಸುಪಾಸು. ಮ್ಯೂನಿಕ್ ಕಡೆಯಿಂದ ಡೊನಾವೆರ್ತ್‌ಗೆ ಬಂದು, ಅಲ್ಲಿಂದ ಊರಿಗೆ ಹೋಗುವ ಸಣ್ಣ ರೈಲು ಹಿಡಿಯಬೇಕು. ಬೆಳಿಗ್ಗೆ ಹೊರಟರೆ ಸಂಜೆಗೆ ಮಗನ ಮನೆಗೆ ವಾಪಸ್ ಬರಬಹುದು.

ಇನ್ನು ‘ನಿಜವಾ’ ಅನ್ನೋದು. ಅರ್ಧ ನಿಜ, ಅರ್ಧ ಅಲ್ಲ. ನಿಜ ಅಲ್ಲದ ಅರ್ಧವನ್ನು ಹೇಳಿ ಹೇಳಿ ನನಗೆ ಸಾಕಾಗಿದೆ. ಇವತ್ತು ಪೂರ್ತಿ ಹೇಳಿ ಮುಗಿಸುತ್ತೇನೆ, ಮತ್ತೆ ಯಾರಾದರೂ ಕೇಳಿದರೆ ಇದನ್ನೇ ಕಳಿಸಿಬಿಡಿ.

ವಾಟ್ಸಾಪಿನಲ್ಲಿ ಓಡಾಡುವ ಆ ಫೋಟೊ ನಿಮಗೂ ಬಂದಿರಬೇಕು. ಮೇಲಿನಿಂದ ತೆಗೆದದ್ದು. ಕೆಂಪು ಹೆಂಚಿನ ಮನೆಗಳು, ಅವುಗಳ ಸುತ್ತ ಗುಂಡನೆಯ ಗೋಡೆ. ಕೆಳಗೆ ‘ಉಲ್ಕೆಯ ಗುಂಡಿಯಲ್ಲಿ ಕಟ್ಟಿದ ಊರು’ ಅಂತ ಒಂದು ಸಾಲು. ನೋಡಿದವರೆಲ್ಲ ಆ ಗೋಡೆಯೇ ಗುಂಡಿಯ ಅಂಚು ಅಂದುಕೊಳ್ಳುತ್ತಾರೆ. ಅಲ್ಲವೇ ಅಲ್ಲ.

ಒಂದು ಸಣ್ಣ ಲೆಕ್ಕ ಮಾಡಿ. ಗೋಡೆಯ ಸುತ್ತಳತೆ ಸುಮಾರು 2.7 ಕಿಲೋಮೀಟರ್. ಮೂರು ಚಿಲ್ಲರೆಯಿಂದ ಭಾಗಿಸಿದರೆ ಊರಿನ ಅಡ್ಡಗಲ ಒಂದು ಕಿಲೋಮೀಟರ್ ಕೂಡ ಬರುವುದಿಲ್ಲ. ರೀಸ್ ಅಂತ ಕರೆಯುವ ಆ ಗುಂಡಿಯ ಅಡ್ಡಗಲ ಎಷ್ಟು ಗೊತ್ತಾ? ಸುಮಾರು 24 ಕಿಲೋಮೀಟರ್! ಸಾಲದ್ದಕ್ಕೆ ಊರು ಅದರ ನಡುಮಧ್ಯದಲ್ಲೂ ಇಲ್ಲ, ನೈರುತ್ಯಕ್ಕೆ ಸರಿದಿದೆ. ದೊಡ್ಡ ಹರಿವಾಣದಲ್ಲಿ ಒಂದು ಪಕ್ಕಕ್ಕೆ ಅಡಿಕೆ ಇಟ್ಟ ಹಾಗೆ. ನೀವು ನೋಡಿದ ಫೋಟೊದಲ್ಲಿ ಗುಂಡಿ ಕಾಣುವುದೇ ಇಲ್ಲ, ಯಾಕೆಂದರೆ ಇಡೀ ಫೋಟೊನೇ ಗುಂಡಿಯೊಳಗಿದೆ.

ಹಾಗಾದರೆ ಗೋಡೆ ಯಾಕೆ ಗುಂಡಗಿದೆ? ಇದಕ್ಕೆ ಆಕಾಶ ನೋಡಬೇಕಾಗಿಲ್ಲ. 13ನೇ ಶತಮಾನದಲ್ಲಿ ಊರಿಗೆ ಇದಕ್ಕಿಂತ ಚಿಕ್ಕ ಗೋಡೆಯೊಂದಿತ್ತು. ಈಗಲೂ ನಕ್ಷೆ ತೆಗೆದರೆ ಊರೊಳಗೆ ಗುಂಡಗೆ ಸುತ್ತುವ ಬೀದಿಗಳು ಕಾಣುತ್ತವೆ, ಹಳೇ ಗೋಡೆಯ ಜಾಡು ಅದು. ವ್ಯಾಪಾರ ಚೆನ್ನಾಗಿದ್ದ ಊರು, ಜನ ಜಾಸ್ತಿಯಾದರು. ಚರ್ಮ ಹದ ಮಾಡುವವರು, ನೇಯುವವರು ಗೋಡೆಯಾಚೆ ಮನೆ ಮಾಡಿಕೊಂಡರು. ಅವರನ್ನೂ ಒಳಗೆ ಸೇರಿಸಿ ಹೊಸ ಗೋಡೆ ಕಟ್ಟಿ ಅಂತ 1327ರಲ್ಲಿ ದೊರೆ ಲುಡ್ವಿಗ್ ಅಪ್ಪಣೆ ಕೊಟ್ಟ. ಎಲ್ಲ ದಿಕ್ಕಿಗೂ ಬೆಳೆದ ಊರಿಗೆ ಗೋಡೆ ಸುತ್ತಿದರೆ ಅದು ಗುಂಡಗೇ ಬರುತ್ತದೆ. ಕಡಿಮೆ ಕಲ್ಲಿನಲ್ಲಿ ಜಾಸ್ತಿ ಜಾಗ ಒಳಗೆ ಬೀಳುವುದೂ ಹಾಗೆ ಕಟ್ಟಿದಾಗಲೇ.

ಇಷ್ಟು ಹೇಳಿದರೂ ‘ಗುಂಡಿಯ ಆಕಾರ ನೋಡಿಯೇ ಕಟ್ಟಿರಬಹುದಲ್ವಾ’ ಅನ್ನುವವರಿದ್ದಾರೆ. ಸ್ವಾಮಿ, ಗುಂಡಿ ಆದದ್ದು ಸುಮಾರು 1.5 ಕೋಟಿ ವರ್ಷದ ಹಿಂದೆ. ಅದು ಉಲ್ಕೆಯಿಂದಲೇ ಆದದ್ದು ಅಂತ ಸಾಬೀತಾದದ್ದು 1960ರ ಹೊತ್ತಿಗೆ. ಅಲ್ಲಿಯವರೆಗೆ ಭೂವಿಜ್ಞಾನಿಗಳಲ್ಲೇ ಹೆಚ್ಚಿನವರು ಅದನ್ನು ಜ್ವಾಲಾಮುಖಿ ಅಂತಿದ್ದರು. ಅಮೆರಿಕದ ಯೂಜೀನ್ ಶೂಮೇಕರ್ ಮತ್ತು ಎಡ್ವರ್ಡ್ ಚಾವ್ ಅಲ್ಲಿನ ಕಲ್ಲಿನಲ್ಲಿ ಕೋಯೆಸೈಟ್ ಅನ್ನುವ ಖನಿಜ ತೋರಿಸಿದರು. ಅದು ಹುಟ್ಟಬೇಕಾದರೆ ಭಯಂಕರ ಒತ್ತಡ ಬೇಕು, ಅಷ್ಟು ಒತ್ತಡ ಜ್ವಾಲಾಮುಖಿಯಿಂದ ಬರುವುದಿಲ್ಲ. ಪ್ರೊಫೆಸರುಗಳಿಗೇ 1960ರವರೆಗೆ ತಿಳಿಯದ್ದು 1327ರ ಮೇಸ್ತ್ರಿಗೆ ತಿಳಿದಿತ್ತಾ?

ಗುಂಡಿ ನೋಡಲೇಬೇಕು ಅನ್ನುವವರು ಸೇಂಟ್ ಜಾರ್ಜ್ ಚರ್ಚಿನ ಗೋಪುರ ಹತ್ತಿ. ಊರವರು ಅದನ್ನು ಡೇನಿಯಲ್ ಅನ್ನುತ್ತಾರೆ. ಎತ್ತರ ಸುಮಾರು 90 ಮೀಟರ್, 350 ಮೆಟ್ಟಿಲು. ಮಂಡಿನೋವು ಇದ್ದರೆ ಸುಮ್ನೆ ಕೆಳಗೇ ಇರಿ. ಮೇಲೆ ಹೋದರೆ ಕಾಲ ಬುಡದಲ್ಲಿ ಹೆಂಚಿನ ಮಾಡುಗಳು, ಆಚೆ ಚಪ್ಪಟೆ ಹೊಲಗಳು, ಅದರಾಚೆ ದೂರದಲ್ಲಿ ಕಾಡು ಬೆಳೆದ ಗುಡ್ಡಗಳ ಸಾಲು. ಆ ಗುಡ್ಡಗಳೇ ಅಂಚು. ಹೊಲ ಚಪ್ಪಟೆಯಾಗಿರುವುದು ಯಾಕೆಂದರೆ ಗುಂಡಿಯಲ್ಲಿ ನೀರು ನಿಂತು ಕೆರೆಯಾಗಿ, ಲಕ್ಷಾಂತರ ವರ್ಷ ಹೂಳು ತುಂಬಿಕೊಂಡಿತು.

ವಜ್ರದ ಮಾತು ಮಾತ್ರ ನಿಜ. ನೀವು ಹತ್ತುವ ಆ ಚರ್ಚನ್ನು ಕಟ್ಟಿರುವುದೇ ಉಲ್ಕೆಯ ಹೊಡೆತಕ್ಕೆ ಹುಟ್ಟಿದ ಸುಯೆವೈಟ್ ಅನ್ನುವ ಕಲ್ಲಿನಲ್ಲಿ. ಗೋಡೆಯ ಹತ್ತಿರ ನಿಂತು ನೋಡಿ: ಬೂದು ಬಣ್ಣದ ಒರಟು ಕಲ್ಲು, ನಡುನಡುವೆ ಕಪ್ಪು ಗಾಜಿನ ಚೂರುಗಳು. ನೆಲದಡಿಯ ಬಂಡೆಯಲ್ಲಿದ್ದ ಗ್ರಾಫೈಟ್ ಆ ಹೊಡೆತಕ್ಕೆ ವಜ್ರವಾಯಿತು. ಆಕಾಶದಿಂದ ಬಂದ ವಜ್ರ ಅಲ್ಲ. ದೊಡ್ಡದು ಅಂದರೂ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗವೂ ಇರುವುದಿಲ್ಲ. ಉಂಗುರದ ಆಸೆ ಬಿಡಿ.

ರೀಸ್‌ಕ್ರಾಟರ್ ಮ್ಯೂಸಿಯಂ ತಪ್ಪಿಸಬೇಡಿ, ಚಂದ್ರನಿಂದ ತಂದ ಕಲ್ಲೂ ಅಲ್ಲಿದೆ. ಚಂದ್ರನಿಗೂ ಈ ಊರಿಗೂ ಏನು ಸಂಬಂಧ ಅಂದರೆ, ಚಂದ್ರನಿಗೆ ಹೋಗುವ ಮೊದಲು 1970ರಲ್ಲಿ ಅಪೋಲೊ 14ರ ಗಗನಯಾತ್ರಿಗಳಾದ ಅಲನ್ ಶೆಪರ್ಡ್, ಎಡ್ಗರ್ ಮಿಚೆಲ್ ಇಲ್ಲಿಗೆ ಬಂದು ಕಲ್ಲು ಗುರುತಿಸುವುದನ್ನು ಕಲಿತು ಹೋಗಿದ್ದರು. ಮಾಡು ಹೊದಿಸಿದ ಊರಗೋಡೆಯ ಮೇಲೆ ಒಂದು ಸುತ್ತು ಪೂರ್ತಿ ನಡೆಯಬಹುದು, ಟಿಕೆಟ್ ಇಲ್ಲ. ಫುಟ್‌ಬಾಲ್ ಹುಚ್ಚಿದ್ದವರಿಗೆ: ಗೆರ್ಡ್ ಮುಲ್ಲರ್ ಹುಟ್ಟಿದ ಊರು ಇದೇ.

ರಾತ್ರಿ ಉಳಿದರೆ 10 ಗಂಟೆಯಿಂದ ಡೇನಿಯಲ್ ಮೇಲಿನ ಕಾವಲುಗಾರ ಅರ್ಧ ಗಂಟೆಗೊಮ್ಮೆ ‘ಸೋ, ಗ್ಸೆಲ್, ಸೋ’ ಅಂತ ಕೂಗುವುದು ಕೇಳಿಸುತ್ತದೆ. 1440ರಲ್ಲಿ ಲಂಚ ತಿಂದ ಕಾವಲುಗಾರರು ಶತ್ರುವಿಗಾಗಿ ಊರಬಾಗಿಲಿಗೆ ಅಗುಳಿ ಹಾಕದೆ ಬಿಟ್ಟರಂತೆ. ಹಂದಿಯೊಂದು ಬಂದು ಮೈ ಉಜ್ಜಿದಾಗ ಬಾಗಿಲು ಅಲ್ಲಾಡಿತಂತೆ, ಅದನ್ನು ಕಂಡ ಹೆಂಗಸು ಇದೇ ಮಾತು ಕೂಗಿ ಊರು ಉಳಿಸಿದಳಂತೆ. ಈ ಕಥೆ ಎಲ್ಲ ಗೈಡುಗಳೂ ಹೇಳುತ್ತಾರೆ.

ನನಗೆ ಅದಕ್ಕಿಂತ ದೊಡ್ಡವಳು ಮರಿಯಾ ಹೋಲ್. ಇವಳ ಬಗ್ಗೆ ಯಾರೂ ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಇವಳದು ಕಥೆ ಅಲ್ಲ, ದಾಖಲೆ ಇದೆ. ಊರಲ್ಲಿ ಹೋಟೆಲು ನಡೆಸುತ್ತಿದ್ದವಳು. 1593ರಲ್ಲಿ ಮಾಟಗಾತಿ ಅಂತ ಹಿಡಿದು 62 ಸಲ ಚಿತ್ರಹಿಂಸೆ ಕೊಟ್ಟರು. ಅವಳು ತಪ್ಪೊಪ್ಪಿಕೊಳ್ಳಲೇ ಇಲ್ಲ, 1594ರಲ್ಲಿ ಬಿಡಲೇಬೇಕಾಯಿತು. ಆಮೇಲೆ ಊರಲ್ಲಿ ಆ ವಿಚಾರಣೆಗಳ ಬಿರುಸೂ ಇಳಿಯಿತು. ಅವಳ ಹೆಸರಿನ ಕಾರಂಜಿ ಊರಲ್ಲಿದೆ, ಹುಡುಕಿ ನೋಡಿ. ಸೋಮವಾರ ಮಾತ್ರ ಹೋಗಬೇಡಿ, ಮ್ಯೂಸಿಯಂ ಮುಚ್ಚಿರುತ್ತದೆ.