ಫ್ರೀಹೋಲ್ಡ್ ಅಂದರೆ ಏನು? ಹೊರದೇಶದಲ್ಲಿ ಮನೆ ನೋಡುವ ಮುಂಚೆ ತಿಳಿಯಬೇಕಾದ ಒಂದು ಪದ

ನಮ್ಮ ದೊಡ್ಡಮ್ಮನ ಮಗ ದುಬೈನಲ್ಲಿ ಕೆಲಸ ಮಾಡುತ್ತಾನೆ. ಒಂದು ದಿನ ಫೋನ್ ಮಾಡಿ, ಅಬುಧಾಬಿಯಲ್ಲಿ ಒಂದು ಫ್ಲ್ಯಾಟ್ ನೋಡಿದ್ದೀನಿ, 99 ವರ್ಷದ ಲೀಸ್ ಅಂತೆ, ಅದೇ ಅಳತೆಯ ದುಬೈ ಫ್ಲ್ಯಾಟಿಗಿಂತ ಕಡಿಮೆಗೆ ಬರ್ತಿದೆ, ತಗೊಳ್ಳಲಾ ಅಂದ. ದೊಡ್ಡಮ್ಮ ಪಕ್ಕದಲ್ಲೇ ಕೂತಿದ್ದರು. 'ಲೀಸ್ ಆದ್ರೆ ಒಳ್ಳೇದೇ ಅಲ್ವಾ, ಬಿಡುವಾಗ ದುಡ್ಡು ಪೂರ್ತಿ ವಾಪಸ್ ಬರುತ್ತೆ' ಅಂದರು. ಇವರಿಬ್ಬರೂ ಒಂದೇ ಪದ ಹೇಳುತ್ತಿದ್ದಾರೆ, ಆದರೆ ಒಂದೇ ವಿಷಯ ಮಾತಾಡುತ್ತಿಲ್ಲ ಅಂತ ನನಗೆ ಹೊಳೆದದ್ದು ಆಗ.

ಬೆಂಗಳೂರಿನಲ್ಲಿ ನಾವು ಲೀಸ್ ಅನ್ನುವುದು ಭೋಗ್ಯಕ್ಕೆ. ಮನೆ ಮಾಲೀಕರಿಗೆ ಹತ್ತೋ ಇಪ್ಪತ್ತೋ ಲಕ್ಷ ಒಟ್ಟಿಗೆ ಕೊಟ್ಟು, ಬಾಡಿಗೆ ಇಲ್ಲದೆ ಎರಡು ಮೂರು ವರ್ಷ ಇದ್ದು, ಬಿಡುವಾಗ ಕೊಟ್ಟಷ್ಟನ್ನೂ ವಾಪಸ್ ತೆಗೆದುಕೊಳ್ಳುವ ಪದ್ಧತಿ ಅದು. ಹೊರದೇಶದ ಜಾಹೀರಾತಿನಲ್ಲಿ ಲೀಸ್‌ಹೋಲ್ಡ್ ಅಂತ ಇದ್ದರೆ ಅದು ಇದಲ್ಲವೇ ಅಲ್ಲ. ಅಲ್ಲಿ ನೀವು ಪೂರ್ತಿ ಬೆಲೆ ಕೊಡುತ್ತೀರಿ, ನೋಂದಣಿ ಶುಲ್ಕ ಕಟ್ಟುತ್ತೀರಿ, ಮನೆ ಕೊಂಡೆ ಅಂತ ಸಿಹಿಯನ್ನೂ ಹಂಚುತ್ತೀರಿ, ಆದರೆ ಕೊಂಡಿರುವುದು ಇಂತಿಷ್ಟು ವರ್ಷ ಇರುವ ಹಕ್ಕನ್ನು ಮಾತ್ರ. ವರ್ಷ ಮುಗಿದರೆ ಆಸ್ತಿ ನೆಲದ ಒಡೆಯನಿಗೆ ಹೋಗುತ್ತದೆ. ದುಡ್ಡು ವಾಪಸ್ ಬರುವ ಮಾತೇ ಇಲ್ಲ.

ಫ್ರೀಹೋಲ್ಡ್ ಇದಕ್ಕೆ ಎದುರಾದ ಪದ. ಕಾಲದ ಮಿತಿ ಇಲ್ಲದ ಒಡೆತನ. ಮಾರಬಹುದು, ಬಾಡಿಗೆಗೆ ಕೊಡಬಹುದು, ದಾನ ಕೊಡಬಹುದು, ಮಕ್ಕಳಿಗೆ ಬಿಟ್ಟು ಹೋಗಬಹುದು. ಪದ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಅಲ್ಲಿ ಹಿಂದೆ ಭೂಮಿಯೆಲ್ಲ ರಾಜನದ್ದು, ಉಳಿದವರು ಅದನ್ನು ಹಿಡಿದುಕೊಂಡವರು ಅನ್ನುವ ಲೆಕ್ಕ. ಹಾಗೆ ಹಿಡಿದವರಲ್ಲಿ ಧಣಿಯ ಹೊಲದಲ್ಲಿ ಬಿಟ್ಟಿ ದುಡಿಯಬೇಕಾದ ಜೀತದವರು ಬೇರೆ, ಸ್ವತಂತ್ರರು ಬೇರೆ. ಸ್ವತಂತ್ರನ ಹಿಡುವಳಿಯೇ ಫ್ರೀಹೋಲ್ಡ್. ಇಲ್ಲಿನ 'ಫ್ರೀ'ಗೂ ಪುಕ್ಕಟೆಗೂ ಸಂಬಂಧವಿಲ್ಲ. ಅರಬ್ಬಿಯಲ್ಲೂ ಇದನ್ನು ತಮಲ್ಲುಕ್ ಹುರ್ ಅನ್ನುತ್ತಾರೆ, ಹುರ್ ಅಂದರೆ ಸ್ವತಂತ್ರ.

ದಕ್ಷಿಣ ಕನ್ನಡ, ಉಡುಪಿ ಕಡೆಯವರಿಗೆ ಈ ವ್ಯತ್ಯಾಸ ಹೇಳಿಕೊಡಬೇಕಾಗಿಲ್ಲ. ಮೂಲಗೇಣಿ, ಚಾಲಗೇಣಿ ಅನ್ನುವ ಮಾತು ಕೇಳಿಕೊಂಡೇ ಬೆಳೆದವರು ಅವರು. ಚಾಲಗೇಣಿ ಒಕ್ಕಲನ್ನು ಧಣಿ ಬಿಡಿಸಬಹುದಿತ್ತು. ಮೂಲಗೇಣಿ ಶಾಶ್ವತ, ನಿಗದಿಯಾದ ಗೇಣಿ ಕೊಡುತ್ತಾ ತಲೆಮಾರುಗಟ್ಟಲೆ ಇರಬಹುದು, ಆದರೂ ಕಾಗದದಲ್ಲಿ ನೆಲ ಇನ್ನೊಬ್ಬರದ್ದೇ. ಮೂಲಗೇಣಿ ಜಾಗದ ಮನೆ ಮಾರಲು ಹೋದಾಗ ಪಟ್ಟ ಪಾಡು ಮಂಗಳೂರಿನ ಎಷ್ಟೋ ಕುಟುಂಬಗಳಿಗೆ ಗೊತ್ತು. ಅಷ್ಟು ಭದ್ರವಾದ ಹಕ್ಕಿಗೇ ಈ ಗತಿ ಆದರೆ, ವರ್ಷ ಎಣಿಸಿ ಕೊಟ್ಟ ಹಕ್ಕಿನ ಬಗ್ಗೆ ಎಷ್ಟು ಎಚ್ಚರ ಬೇಕು ಯೋಚಿಸಿ.

ಕರಾವಳಿಯವರ ಮಾತು ಬಂದಿದ್ದು ಸುಮ್ನೆ ಅಲ್ಲ. ಮಂಗಳೂರು, ಉಡುಪಿ, ಭಟ್ಕಳದಿಂದ ಕೊಲ್ಲಿಗೆ ಹೋದವರ ದೊಡ್ಡ ಬಳಗವೇ ಇದೆ. ಆದರೆ ಮೊದಮೊದಲು ಹೋದವರಲ್ಲಿ ಯಾರೂ ದುಬೈನಲ್ಲಿ ಸ್ವಂತ ಮನೆ ಮಾಡುವಂತಿರಲಿಲ್ಲ. ಹೊರದೇಶದವರಿಗೆ ಅಲ್ಲಿ ಬಾಡಿಗೆ ಮನೆಯೇ ಗತಿ, ಉಳಿತಾಯವೆಲ್ಲ ಊರಿಗೆ. 2002ರಲ್ಲಿ ಶೇಖ್ ಮೊಹಮ್ಮದ್ ಬಿನ್ ರಶೀದ್ ಹೊರದೇಶದವರೂ ಕೊಳ್ಳಬಹುದು ಅಂತ ಬಾಗಿಲು ತೆರೆದರು, ಆಗ ಅವರು ಯುವರಾಜ. ಆದರೆ ಗಟ್ಟಿ ಕಾನೂನು ಬಂದದ್ದು 2006ರಲ್ಲಿ, ಆ ವರ್ಷದ 7ನೇ ಕಾನೂನಾಗಿ. ಅದು ಹೇಳುವುದು ಇಷ್ಟು: ಯುಎಇ ಪ್ರಜೆಗಳು ಮತ್ತು ಜಿಸಿಸಿಯ, ಅಂದರೆ ಕೊಲ್ಲಿ ಸಹಕಾರ ಮಂಡಳಿಯ, ಇತರ ದೇಶಗಳ ಪ್ರಜೆಗಳು ದುಬೈನಲ್ಲಿ ಎಲ್ಲಿ ಬೇಕಾದರೂ ಆಸ್ತಿ ಮಾಡಬಹುದು. ಉಳಿದವರು ಆಡಳಿತಗಾರರು ಗುರುತು ಮಾಡಿದ ಜಾಗಗಳಲ್ಲಿ ಮಾತ್ರ, ಫ್ರೀಹೋಲ್ಡ್ ಆಗಿಯೋ ಅಥವಾ ಹೆಚ್ಚೆಂದರೆ 99 ವರ್ಷದ ಹಕ್ಕಾಗಿಯೋ ಪಡೆಯಬಹುದು.

'ಗುರುತು ಮಾಡಿದ ಜಾಗಗಳಲ್ಲಿ ಮಾತ್ರ' ಅನ್ನುವುದನ್ನು ಎರಡು ಸಲ ಓದಿ. ದುಬೈನಲ್ಲಿ ಫ್ರೀಹೋಲ್ಡ್ ಇದೆ ಅಂದ ಮಾತ್ರಕ್ಕೆ ಊರೆಲ್ಲ ಫ್ರೀಹೋಲ್ಡ್ ಅಲ್ಲ. ಪಾಮ್ ಜುಮೇರಾ, ದುಬೈ ಮರೀನಾ, ಬುರ್ಜ್ ಖಲೀಫಾ ಇರುವ ಡೌನ್‌ಟೌನ್, ಬಿಸಿನೆಸ್ ಬೇ, ಜುಮೇರಾ ವಿಲೇಜ್ ಸರ್ಕಲ್, ಇಂಟರ್‌ನ್ಯಾಷನಲ್ ಸಿಟಿ, ಇವೆಲ್ಲ ಆ ಪಟ್ಟಿಯಲ್ಲಿ ಇವೆ. ನಮ್ಮವರು ಬಾಡಿಗೆಗೆ ಇದ್ದು, ಇಡ್ಲಿ ತಿಂದು, ಮಕ್ಕಳನ್ನು ಶಾಲೆಗೆ ಕಳಿಸಿ ಮನೆಯೂರಿನಂತೆ ಮಾಡಿಕೊಂಡ ಕರಾಮಾ, ದೇರಾದ ಹಳೇ ಬೀದಿಗಳು ಬಹುಪಾಲು ಅದರ ಹೊರಗೆ. ಹಾಗಾಗಿ ಬ್ರೋಕರ್ ಏರಿಯಾ ಹೆಸರು ಹೇಳಿದ ತಕ್ಷಣ ಮೊದಲು ಕೇಳಬೇಕಾದ್ದು ಚದರಡಿಗೆ ಎಷ್ಟು ಅಂತಲ್ಲ, ನನ್ನ ಪಾಸ್‌ಪೋರ್ಟ್ ಇಟ್ಟುಕೊಂಡವರಿಗೆ ಇಲ್ಲಿ ಫ್ರೀಹೋಲ್ಡ್ ಟೈಟಲ್ ಡೀಡ್, ಅಂದರೆ ಒಡೆತನದ ಪತ್ರ, ಸಿಗುತ್ತಾ ಅಂತ. ದುಬೈ ಭೂ ಇಲಾಖೆಯ 'ದುಬೈ ರೆಸ್ಟ್' ಆ್ಯಪ್‌ನಲ್ಲಿ ಟೈಟಲ್ ಡೀಡ್ ಅಸಲಿಯೇ ಅಂತ ನೋಡಬಹುದು. ನಾವು ಇಲ್ಲಿ ಇಸಿ (ಋಣಭಾರ ಪತ್ರ) ತೆಗೆಸಿ ನೋಡುವ ಹಾಗೆ, ಅದನ್ನೊಂದು ಅಭ್ಯಾಸ ಮಾಡಿಕೊಳ್ಳಿ.

ಇನ್ನು ಅಬುಧಾಬಿ. ದೇಶ ಒಂದೇ, ಒಂದೂವರೆ ಗಂಟೆ ದಾರಿ, ಆದರೆ ಭೂಮಿಯ ಕಾನೂನು ಬೇರೆ. ಅಲ್ಲಿ ಹೊರದೇಶದವರಿಗೆ ನೆಲದ ಮೇಲೆ ಪೂರ್ತಿ ಫ್ರೀಹೋಲ್ಡ್ ಸಿಕ್ಕಿದ್ದು 2019ರ ತಿದ್ದುಪಡಿಯ ನಂತರ, ಅದೂ ಹೂಡಿಕೆ ವಲಯ ಅಂತ ಗುರುತಾದ ಕಡೆ. ಅದಕ್ಕೂ ಮುಂಚೆ ಮಾರಾಟವಾದ ಎಷ್ಟೋ ಮನೆಗಳು 99 ವರ್ಷದ ಅನುಭೋಗದ ಹಕ್ಕಿನವು. ಇನ್ನೊಂದು ಪದ ಅಲ್ಲಿ ಕಿವಿಗೆ ಬೀಳುತ್ತದೆ, ಮುಸತಾಹಾ. ಸತ್ಹ್ ಅಂದರೆ ಮೇಲ್ಮೈ. ನೆಲ ಇನ್ನೊಬ್ಬರದ್ದು, ಅದರ ಮೇಲೆ 50 ವರ್ಷದ ತನಕ ಕಟ್ಟಡ ಕಟ್ಟಿ ಅನುಭವಿಸುವ ಹಕ್ಕು ನಿಮ್ಮದು. ಗೋದಾಮೋ ಹೋಟೆಲೋ ಕಟ್ಟಿ ಇಪ್ಪತ್ತು ವರ್ಷದಲ್ಲಿ ಹಾಕಿದ ದುಡ್ಡು ತೆಗೆಯುವ ಲೆಕ್ಕವಿರುವ ಡೆವಲಪರ್‌ಗೆ ಇದು ತಪ್ಪೇನಲ್ಲ, ನೆಲಕ್ಕೆ ಹಾಕುವ ದುಡ್ಡು ಉಳಿಯುತ್ತದೆ. ನಿವೃತ್ತಿಗೆ, ಮಕ್ಕಳಿಗೆ ಅಂತ ಮನೆ ಕೊಳ್ಳುವವರ ಲೆಕ್ಕ ಬೇರೆ. ನಾನು ಹೇಳುವುದು ಇಷ್ಟೇ, ಲೀಸ್‌ಹೋಲ್ಡ್ ಕೆಟ್ಟದ್ದಲ್ಲ, ಅದನ್ನು ಫ್ರೀಹೋಲ್ಡ್ ಅಂದುಕೊಂಡು ಕೊಳ್ಳುವುದು ಕೆಟ್ಟದ್ದು.

ಫ್ರೀಹೋಲ್ಡ್ ಆದರೂ ಒಂದಷ್ಟು ಗಂಟುಗಳಿವೆ. ಫ್ಲ್ಯಾಟ್ ಕೊಂಡರೆ ನಿಮ್ಮ ಗೋಡೆಯ ಒಳಗಿನ ಜಾಗ ನಿಮ್ಮದು, ಲಿಫ್ಟು, ಕಾರಿಡಾರು, ಈಜುಕೊಳದಲ್ಲಿ ಪಾಲು ಮಾತ್ರ. ಅದಕ್ಕೆ ವರ್ಷಾ ವರ್ಷಾ ಚದರಡಿ ಲೆಕ್ಕದಲ್ಲಿ ಸರ್ವಿಸ್ ಚಾರ್ಜ್ ಕಟ್ಟಬೇಕು. ದುಬೈನಲ್ಲಿ ಮನೆ ಕಂದಾಯ ಅಂತ ವಾರ್ಷಿಕ ತೆರಿಗೆ ಇಲ್ಲ ಎಂದು ಎಲ್ಲರೂ ಹೇಳುತ್ತಾರೆ, ಅದು ನಿಜ. ಆದರೆ ಬೆಡಗಿನ ಕಟ್ಟಡಗಳಲ್ಲಿ ಈ ಚಾರ್ಜ್ ಬಾಡಿಗೆಯ ಒಳ್ಳೇ ಪಾಲನ್ನೇ ತಿಂದುಬಿಡುತ್ತದೆ. ಕೊಳ್ಳುವಾಗ ಭೂ ಇಲಾಖೆಗೆ ಬೆಲೆಯ ಶೇ. 4ರಷ್ಟು ಶುಲ್ಕ, ಬ್ರೋಕರ್‌ಗೆ ಸಾಮಾನ್ಯವಾಗಿ ಶೇ. 2. ಅಂದರೆ 10 ಲಕ್ಷ ದಿರಹಮ್ ಫ್ಲ್ಯಾಟಿಗೆ 60 ಸಾವಿರ ದಿರಹಮ್ ಮೊದಲ ದಿನವೇ ಕೈ ಬಿಟ್ಟಿತು. ಬಾಡಿಗೆ ಇಷ್ಟು ಪರ್ಸೆಂಟ್ ಬರುತ್ತೆ ಅಂತ ಹೇಳುವವರು ಇದನ್ನೆಲ್ಲ ಕಳೆದು ಹೇಳುತ್ತಿದ್ದಾರಾ ಅಂತ ಕೇಳಿ.

ಇನ್ನೂ ದೊಡ್ಡ ಗಂಟು, ಆಫ್-ಪ್ಲಾನ್. ಕಟ್ಟಡ ಎದ್ದೇ ಇಲ್ಲ, ನಕ್ಷೆ ನೋಡಿ ಕಂತು ಕಟ್ಟುವುದು. ಇಂಥ ಕಡೆ ನಿಮ್ಮ ಕೈಗೆ ಬರುವುದು ಟೈಟಲ್ ಡೀಡ್ ಅಲ್ಲ, ಒಕೂದ್ ಅನ್ನುವ ತಾತ್ಕಾಲಿಕ ನೋಂದಣಿ. ಪೂರ್ತಿ ಒಡೆತನ ಬರುವುದು ಮನೆ ಮುಗಿದು ಹಸ್ತಾಂತರ ಆದ ಮೇಲೆ. 2008ರ ಕುಸಿತದಲ್ಲಿ ಪೆಟ್ಟು ಬಿದ್ದವರಲ್ಲಿ ಇಂಥವರೇ ಜಾಸ್ತಿ. ಮನೆ ಬೆಲೆ ಕೆಲವೇ ತಿಂಗಳಲ್ಲಿ ಅರ್ಧದ ಹತ್ತಿರಕ್ಕೆ ಇಳಿಯಿತು, ಎಷ್ಟೋ ಯೋಜನೆಗಳು ನಿಂತೇ ಹೋದವು, 2009ರ ನವೆಂಬರ್‌ನಲ್ಲಿ ಸರ್ಕಾರದ್ದೇ ಆದ ದುಬೈ ವರ್ಲ್ಡ್ ಕಂಪನಿ ಸಾಲ ತೀರಿಸಲು ಗಡುವು ಕೇಳಿತು. ಕೊಂಡವರ ಕಂತಿನ ಹಣವನ್ನು ಆ ಯೋಜನೆಗೆ ಮಾತ್ರ ಬಳಸಬಹುದಾದ ಬೇರೆ ಖಾತೆಯಲ್ಲೇ, ಅಂದರೆ ಎಸ್ಕ್ರೋ ಖಾತೆಯಲ್ಲೇ, ಇಡಬೇಕು ಅನ್ನುವ ಕಾನೂನು 2007ರಲ್ಲೇ ಬಂದಿತ್ತು, ಅದು ಬಿಗಿಯಾದದ್ದು ಈ ಪೆಟ್ಟಿನ ನಂತರ. ಈಗಲೂ ಕಂತು ಕಟ್ಟುವಾಗ ಹಣ ಆ ಯೋಜನೆಯ ಎಸ್ಕ್ರೋ ಖಾತೆಗೇ ಹೋಗುತ್ತಿದೆಯಾ ಅಂತ ನೋಡಲೇಬೇಕು. ಬ್ರೋಕರ್ ಖಾತೆಗೆ, ಕಂಪನಿಯ ಇನ್ನೊಂದು ಖಾತೆಗೆ ಹಾಕಿ ಅಂದರೆ ಅಲ್ಲೇ ನಿಲ್ಲಿಸಿ.

ಬೇರೆ ದೇಶಗಳನ್ನು ಇದೇ ಪದ ಹಿಡಿದು ನೋಡುತ್ತಾ ಹೋದರೆ ಚಿತ್ರ ಬೇಗ ತಿಳಿಯಾಗುತ್ತದೆ. ಲಂಡನ್ನಿನಲ್ಲಿ ಹೊರದೇಶದವರು ಕೊಳ್ಳಲು ತಡೆ ಇಲ್ಲ, ಆದರೆ ಅಲ್ಲಿನ ಫ್ಲ್ಯಾಟುಗಳು ಹೆಚ್ಚುಕಮ್ಮಿ ಎಲ್ಲಾ ಲೀಸ್‌ಹೋಲ್ಡ್. ಉಳಿದ ವರ್ಷ 80ಕ್ಕಿಂತ ಕೆಳಗೆ ಇಳಿದರೆ ಅವಧಿ ಮುಂದುವರಿಸುವ ಖರ್ಚು ಏರುತ್ತದೆ, ಮಾರುವುದೂ ಕಷ್ಟವಾಗುತ್ತದೆ. ಥಾಯ್ಲೆಂಡಿನಲ್ಲಿ ಹೊರದೇಶದವರಿಗೆ ನೆಲ ಕೊಡುವುದಿಲ್ಲ. ಕಾಂಡೋ, ಅಂದರೆ ಫ್ಲ್ಯಾಟ್, ಕೊಡುತ್ತಾರೆ, ಅದೂ ಕಟ್ಟಡದ ಒಟ್ಟು ಜಾಗದ ಶೇ. 49 ಮೀರದ ಹಾಗೆ. ಬಾಲಿಯ ವಿಲ್ಲಾ ಜಾಹೀರಾತು ಈಗ ಎಲ್ಲರ ಮೊಬೈಲಿಗೂ ಬರುತ್ತಿದೆ. ಇಂಡೋನೇಷ್ಯಾದಲ್ಲಿ ಪೂರ್ತಿ ಒಡೆತನಕ್ಕೆ ಹಕ್ ಮಿಲಿಕ್ ಅಂತ ಹೆಸರು, ಅದು ಅಲ್ಲಿನ ಪ್ರಜೆಗಳಿಗೆ ಮಾತ್ರ. ಸ್ಥಳೀಯರೊಬ್ಬರ ಹೆಸರಲ್ಲಿ ಮಾಡಿಸಿಕೊಡ್ತೀವಿ ಅನ್ನುವವರು ಸಿಕ್ಕೇ ಸಿಗುತ್ತಾರೆ. ಬೇನಾಮಿ ಆಸ್ತಿ ಮಾಡಿ ಸಂಬಂಧ ಕೆಟ್ಟ ಮೇಲೆ ಏನಾಗುತ್ತದೆ ಅಂತ ನಮ್ಮ ಊರುಗಳಲ್ಲೇ ನೋಡಿದ್ದೇವಲ್ಲ. ಸಿಂಗಪುರದಲ್ಲಿ ಹಕ್ಕು ಕೊಟ್ಟರೂ 2023ರ ಏಪ್ರಿಲ್‌ನಿಂದ ಹೊರದೇಶದವರ ಮೇಲೆ ಬೆಲೆಯ ಶೇ. 60ರಷ್ಟು ಹೆಚ್ಚುವರಿ ಸ್ಟ್ಯಾಂಪ್ ಡ್ಯೂಟಿ ಇದೆ. ಕೆನಡಾ 2023ರಿಂದ ಹೊರದೇಶದವರಿಗೆ ಮನೆ ಮಾರುವುದನ್ನೇ ಬಹುಮಟ್ಟಿಗೆ ನಿಲ್ಲಿಸಿತು. ಆಸ್ಟ್ರೇಲಿಯಾ 2025ರ ಏಪ್ರಿಲ್‌ನಿಂದ ಎರಡು ವರ್ಷ ಹಳೇ ಮನೆ ಕೊಳ್ಳುವುದಕ್ಕೆ ತಡೆ ಹಾಕಿತು, ಹೊಸದಾಗಿ ಕಟ್ಟುವುದಕ್ಕೆ ಮಾತ್ರ ದಾರಿ ಬಿಟ್ಟಿತು. ಇದನ್ನೆಲ್ಲ ನೋಡಿದ ಮೇಲೆ ಬೆಲೆ, ಬಾಡಿಗೆ, ಸಮುದ್ರದ ನೋಟ ಎಲ್ಲವೂ ಎರಡನೇ ಪ್ರಶ್ನೆ ಅಂತ ನನಗೆ ಖಚಿತವಾಗಿ ಅನ್ನಿಸುತ್ತದೆ.

ಕೊಡುವವರ ಕಾನೂನು ಅಲ್ಲಿಯದ್ದು, ಕಳಿಸುವ ದುಡ್ಡಿನ ಕಾನೂನು ಇಲ್ಲಿಯದ್ದು. ಕರ್ನಾಟಕದಲ್ಲೇ ಇದ್ದು ದುಬೈನಲ್ಲಿ ಕೊಳ್ಳುವವರು ಹೊರದೇಶಕ್ಕೆ ಹಣ ಕಳಿಸಲು ಇರುವ ರಿಸರ್ವ್ ಬ್ಯಾಂಕಿನ ಯೋಜನೆಯಾದ ಎಲ್‌ಆರ್‌ಎಸ್ ಅಡಿಯಲ್ಲಿ ಒಬ್ಬರಿಗೆ ಒಂದು ಹಣಕಾಸು ವರ್ಷಕ್ಕೆ 2.5 ಲಕ್ಷ ಡಾಲರ್ ತನಕ ಬ್ಯಾಂಕ್ ಮೂಲಕ ಕಳಿಸಬಹುದು. ಹೂಡಿಕೆಗೆ ಕಳಿಸುವ ಹಣ 10 ಲಕ್ಷ ರೂಪಾಯಿ ದಾಟಿದರೆ, ದಾಟಿದ ಭಾಗಕ್ಕೆ ಬ್ಯಾಂಕು ಶೇ. 20 ಟಿಸಿಎಸ್, ಅಂದರೆ ಮುಂಗಡವಾಗಿ ವಸೂಲಿ ಮಾಡುವ ತೆರಿಗೆ, ಹಿಡಿಯುತ್ತದೆ. ಅದು ರಿಟರ್ನ್ಸ್ ಹಾಕುವಾಗ ಹೊಂದಾಣಿಕೆ ಆಗುತ್ತದೆ, ಆದರೆ ಅಲ್ಲಿಯ ತನಕ ಆ ಹಣ ಕೈಯಲ್ಲಿ ಇರುವುದಿಲ್ಲ. ಆಸ್ತಿಯನ್ನು ಪ್ರತಿ ವರ್ಷ ರಿಟರ್ನ್ಸ್‌ನ ವಿದೇಶಿ ಆಸ್ತಿ ಷೆಡ್ಯೂಲಿನಲ್ಲಿ ತೋರಿಸಬೇಕು. ಬಿಟ್ಟರೆ 2015ರ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿ ದಂಡ ಬೀಳಬಹುದು. ಅಲ್ಲಿ ಬಾಡಿಗೆಗೆ ತೆರಿಗೆ ಇಲ್ಲದಿದ್ದರೂ ಇಲ್ಲಿ ವಾಸವಾಗಿರುವವರು ಇಲ್ಲಿ ಕಟ್ಟಬೇಕು. ಹವಾಲಾ ಮೂಲಕ ಕಳಿಸ್ತೀವಿ, ಖರ್ಚು ಕಡಿಮೆ ಅನ್ನುವವರ ಮಾತು ದಯವಿಟ್ಟು ಕೇಳಬೇಡಿ. ಅಲ್ಲೇ ದುಡಿಯುತ್ತಿರುವ ಎನ್‌ಆರ್‌ಐಗೆ ದಾರಿ ಸಲೀಸು. ಅಲ್ಲಿನ ಸಂಪಾದನೆಯಲ್ಲಿ ಕೊಂಡ ಮನೆಯನ್ನು ಊರಿಗೆ ಬಂದು ನೆಲೆಸಿದ ಮೇಲೂ ಇಟ್ಟುಕೊಳ್ಳಲು ವಿದೇಶಿ ವಿನಿಮಯದ ಫೆಮಾ ಕಾಯ್ದೆ ಬಿಡುತ್ತದೆ.

ಮಕ್ಕಳಿಗೆ ಬಿಟ್ಟು ಹೋಗುವ ಹಕ್ಕು ಅಂದೆನಲ್ಲ, ಅದಕ್ಕೂ ಯುಎಇಯ ನಿಯಮ ತಿಳಿದಿರಲಿ. 2023ರಿಂದ ಜಾರಿಯಲ್ಲಿರುವ ಕಾನೂನಿನಲ್ಲಿ, ಮುಸ್ಲಿಮೇತರರು ಉಯಿಲು ಬರೆಯದೆ ತೀರಿಕೊಂಡರೆ ಅರ್ಧ ಗಂಡ ಅಥವಾ ಹೆಂಡತಿಗೆ, ಉಳಿದರ್ಧ ಮಕ್ಕಳಿಗೆ ಸಮವಾಗಿ. ನಿಮ್ಮ ಮನಸ್ಸಿನಲ್ಲಿ ಬೇರೆ ಇದ್ದರೆ ಅಲ್ಲೇ ಉಯಿಲು ನೋಂದಾಯಿಸಿ.

ದೊಡ್ಡಮ್ಮನ ಮಗನಿಗೆ ನಾನು ಹೇಳಿದ್ದು ಒಂದೇ, ಕಾಗದ ತರಿಸಿ 99 ವರ್ಷ ಯಾವಾಗಿನಿಂದ ಶುರು ಅಂತ ನೋಡು. ತರಿಸಿದ. ಕಟ್ಟಡ ಹಳೆಯದು, ಲೆಕ್ಕ ಮೊದಲ ಮಾರಾಟದಿಂದಲೇ ಶುರುವಾಗಿತ್ತು, ಹದಿನಾರು ವರ್ಷ ಆಗಲೇ ಕಳೆದಿತ್ತು. ಅವನು ಮಾರುವವರ ಹತ್ತಿರ ಆ ಹದಿನಾರು ವರ್ಷದ ಲೆಕ್ಕ ಇಟ್ಟುಕೊಂಡು ಚೌಕಾಸಿಗೆ ಕೂತ. ಬೆಲೆ ಇಳಿಯಲಿಲ್ಲ, ಇವನು ಕೊಳ್ಳಲಿಲ್ಲ. ಈಗ ದುಬೈನಲ್ಲೇ ಸ್ವಲ್ಪ ಚಿಕ್ಕದು ನೋಡುತ್ತಿದ್ದಾನೆ, ಒಂದೇ ಬೆಡ್‌ರೂಮಿನದ್ದು, ಕಟ್ಟಿ ಮುಗಿದಿರುವ ಕಟ್ಟಡದಲ್ಲಿ. ದೊಡ್ಡಮ್ಮ ಈಗ ಅವನು ಫೋನ್ ಮಾಡಿದಾಗಲೆಲ್ಲ, ಊಟ ಆಯ್ತಾ ಅಂದ ಮೇಲೆ, 'ಇದು ನಮ್ಮದೇ ಆಗುತ್ತಲ್ವಾ, ಲೀಸ್ ಅಲ್ಲ ತಾನೇ' ಅಂತ ಕೇಳುತ್ತಾರೆ.