ಮರಳಿನ ಮೇಲೊಂದು ಹಾಸು ಕರಟ

ಆಷಾಢದಲ್ಲಿ ಕೊಡಗಿನ ಕಡೆ ಮಳೆ ಹಿಡಿಯಿತೆಂದರೆ ಕಾವೇರಿ ಬಗ್ಗಡವಾಗುತ್ತದೆ. ಮೈಸೂರು, ಮಂಡ್ಯಗಳ ನಲ್ಲಿಗೆ ಬರುವ ಹೊತ್ತಿಗೆ ಅದೇ ನೀರು ತಿಳಿಯಾಗಿರಬೇಕು. ಆಲಂ (ಪಟಿಕ) ಹಾಕಿದರೆ ಮಣ್ಣಿನ ಕಣಗಳು ಗಂಟುಕಟ್ಟಿ ತಳ ಸೇರುತ್ತವೆ. ಹಾಗೂ ಉಳಿದ ನುಣ್ಣನೆಯ ಕೆಸರನ್ನು ಹಿಡಿಯುವುದು ಫಿಲ್ಟರ್ ಬೆಡ್‌ನ, ಅಂದರೆ ಸೋಸುವ ತೊಟ್ಟಿಯ ಮರಳು. ಆಮೇಲೆ ಕ್ಲೋರಿನ್.

ಈ ಮರಳಿನ ಹಾಸು ಸುಮಾರು 60ರಿಂದ 75 ಸೆಂಟಿಮೀಟರ್ ದಪ್ಪ, ಕಾಳು ಅರ್ಧ ಮಿಲಿಮೀಟರ್ ಆಸುಪಾಸು. ಒಂದು ಚದರ ಮೀಟರ್ ಮರಳು ಗಂಟೆಗೆ ಸುಮಾರು 5,000 ಲೀಟರ್ ಸೋಸುತ್ತದೆ. ಕೆಸರು ತುಂಬಿದಾಗ ಬ್ಯಾಕ್‌ವಾಷ್, ಅಂದರೆ ಕೆಳಗಿನಿಂದ ಮೇಲಕ್ಕೆ ನೀರು ನುಗ್ಗಿಸಿ ಮರಳನ್ನು ತೊಳೆಯುವುದು. ನಾನೊಮ್ಮೆ ಕಟ್ಟೆಯ ಮೇಲೆ ನಿಂತು ನೋಡಿದ್ದೆ. ಮೊದಲು ಕೆಳಗಿನಿಂದ ಗಾಳಿ ಬಿಟ್ಟರು, ಇಡೀ ತೊಟ್ಟಿ ಗಂಜಿಯಂತೆ ಕೊತಕೊತ ಕುದಿಯಿತು. ಹಿಂದೆಯೇ ನೀರು ನುಗ್ಗಿ, ಕಾಫಿ ಬಣ್ಣಕ್ಕೆ ತಿರುಗಿ, ಉಕ್ಕಿ ಚರಂಡಿ ಸೇರಿತು. ಆ ನೀರು ಹೊಳೆಯದ್ದಲ್ಲ, ಆಗಲೇ ಸೋಸಿಟ್ಟ ಕುಡಿಯುವ ನೀರು! ನನಗೆ ಹೊಟ್ಟೆ ಉರಿದದ್ದು ಅಲ್ಲೇ.

ಮರಳನ್ನು ಪದೇಪದೇ ತೊಳೆಯಬೇಕಾಗುವುದೇಕೆ? ತಪ್ಪಿರುವುದು ಮರಳು ಕೂರುವ ಕ್ರಮದಲ್ಲಿ. ತೊಳೆದು ನಿಲ್ಲಿಸಿದಾಗ ದಪ್ಪ ಕಾಳು ಮೊದಲು ಮುಳುಗುತ್ತದೆ, ಸಣ್ಣದು ಮೇಲೆ ಉಳಿಯುತ್ತದೆ. ಹೀಗಾಗಿ ಮೇಲಿನ ನಾಲ್ಕಾರು ಸೆಂಟಿಮೀಟರಿನಲ್ಲೇ ಕೆಸರೆಲ್ಲ ಸಿಕ್ಕಿಕೊಂಡು ದಾರಿ ಕಟ್ಟಿಬಿಡುತ್ತದೆ. ಕೆಳಗಿನ ಮರಳಿಗೆ ಕೆಲಸವೇ ಇಲ್ಲ. ನಮಗೆ ಬೇಕಾದದ್ದು ತಿರುವುಮುರುವು: ಮೇಲೆ ದಪ್ಪ, ಕೆಳಗೆ ಸಣ್ಣ.

ಮನೆಯಲ್ಲಿ ರಾಗಿ ಗಾಳಿಸುವುದನ್ನು ಕಂಡವರಿಗೆ ಉಪಾಯ ಹೊಳೆಯುತ್ತದೆ. ನೀರಿನಲ್ಲಿ ಆಡಿಸಿದರೆ ಹಗುರವಾದ ರಾಗಿ ಮೇಲೆ ಬರುತ್ತದೆ, ಕಲ್ಲು ತಳದಲ್ಲಿ ಉಳಿಯುತ್ತದೆ. ಹಾಗೆಯೇ ಮರಳಿಗಿಂತ ಹಗುರವಾದ, ಆದರೆ ದಪ್ಪ ಕಾಳಿನ ವಸ್ತುವನ್ನು ಮೇಲೆ ಹಾಸಿದರೆ ಎಷ್ಟು ಸಲ ತೊಳೆದರೂ ಅದು ಮೇಲೆಯೇ ಕೂರುತ್ತದೆ. ಸಾಮಾನ್ಯವಾಗಿ ಇದಕ್ಕೆ ಆಂಥ್ರಸೈಟ್ ಕಲ್ಲಿದ್ದಲು ಬಳಸುತ್ತಾರೆ. ಮರಳು ನೀರಿಗಿಂತ 2.65 ಪಟ್ಟು ತೂಕವಾದರೆ ಇದು ಒಂದೂವರೆ ಪಟ್ಟಿನ ಹತ್ತಿರ. ಆದರೆ ದುಬಾರಿ. ಮಹಾರಾಷ್ಟ್ರದ ರಾಮ್‌ಟೆಕ್‌ನಲ್ಲಿ 1970ರ ದಶಕದಲ್ಲೇ ಇದರ ಬದಲು ಕುಟ್ಟಿದ ತೆಂಗಿನ ಕರಟ ಹಾಕಿ ನೋಡಿದ್ದರು. ತೆಂಗಿನ ತೋಟಗಳ ನಡುವೆ ಬದುಕುವ ಮಂಡ್ಯದವರು ನಾವು. ಕರಟ ನಮ್ಮಲ್ಲಿ ನೀರೊಲೆಗೆ ಹೋಗುತ್ತದೆ.

ಲೆಕ್ಕ ಹಾಕೋಣ. ದಿನಕ್ಕೆ 1 ಕೋಟಿ ಲೀಟರ್ ಸೋಸುವ ಘಟಕ ಅದರಲ್ಲಿ ಶೇ. 3ನ್ನು ತೊಳೆಯಲು ಬಳಸಿದರೆ 3 ಲಕ್ಷ ಲೀಟರ್ ಆಯಿತು. ಕರಟ ಹಾಸಿ ತೊಳೆಯುವ ಸರದಿ ಅರ್ಧಕ್ಕಿಳಿದರೆ ಒಂದೂವರೆ ಲಕ್ಷ ಲೀಟರ್ ಉಳಿಯುತ್ತದೆ. ತಲೆಗೆ 135 ಲೀಟರಿನಂತೆ ಸುಮಾರು 1,100 ಜನರ ಒಂದು ದಿನದ ನೀರು, ಅದನ್ನು ಎತ್ತಿದ ಕರೆಂಟು, ಹಾಕಿದ ಆಲಂ ಎಲ್ಲ ಉಳಿತಾಯ. ಚದರ ಮೀಟರಿಗೆ ಗಂಟೆಗೆ ಸೋಸುವ ವೇಗವೂ 5,000ದಿಂದ 8,000 ಲೀಟರಿಗೆ ಏರಿದರೆ, ಈ ಘಟಕದಲ್ಲಿ 83 ಚದರ ಮೀಟರ್ ಹಾಸು ಮಾಡುವ ಕೆಲಸ 52ರಲ್ಲಿ ಮುಗಿಯುತ್ತದೆ. ಊರು ಬೆಳೆದಾಗ ಹೊಸ ತೊಟ್ಟಿ ಕಟ್ಟುವ ಬದಲು ಹಳೆಯದರ ಹಾಸು ಬದಲಿಸಿದರೆ ಸಾಕಾಗಬಹುದು.

ಕರಟವನ್ನು ಹಾಗೇ ಸುರಿಯುವಂತಿಲ್ಲ. ನಾರು ತೆಗೆದು, ಕುಟ್ಟಿ, ಜರಡಿ ಹಿಡಿದು, ಬಣ್ಣ ಬಿಡುವುದು ನಿಲ್ಲುವ ತನಕ ತೊಳೆಯಬೇಕು. ಬ್ಯಾಕ್‌ವಾಷ್ ರಭಸ ಹೆಚ್ಚಾದರೆ ಕರಟವೇ ಚರಂಡಿ ಪಾಲು. ಆದ್ದರಿಂದ ಮೊದಲು ಆಳೆತ್ತರದ ಎರಡು ಪಾರದರ್ಶಕ ಪೈಪು ಸಾಕು: ಒಂದರಲ್ಲಿ ಬರೀ ಮರಳು, ಇನ್ನೊಂದರಲ್ಲಿ ಮರಳಿನ ಮೇಲೆ ಕರಟ. ಎರಡಕ್ಕೂ ಮಳೆಗಾಲದ ಅದೇ ನೀರು ಬಿಟ್ಟು, ಯಾವುದು ಎಷ್ಟು ಗಂಟೆಗೆ ಕಟ್ಟಿಕೊಂಡಿತು, ಹೊರಬಂದ ನೀರಿನ ಕದಡು 1 ಎನ್‌ಟಿಯು (ಕದಡನ್ನು ಅಳೆಯುವ ಮಾನ) ಒಳಗಿತ್ತೇ ಎಂದು ದಿನಾ ಬರೆದಿಟ್ಟರಾಯಿತು.