ನರ್ಸ್ ಆಗಿದ್ದುಕೊಂಡೇ ಔಷಧಿ ಚೀಟಿ ಬರೆಯಬಹುದಾ?

ಪ್ರಶ್ನೆ: ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ವಾರ್ಡಿನಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದೇನೆ. ಅಮೆರಿಕದಲ್ಲಿ ಫ್ಯಾಮಿಲಿ ನರ್ಸ್ ಪ್ರಾಕ್ಟಿಷನರ್ ಆಗುವ ಆಸೆ. ನೇರವಾಗಿ ಆಗಬಹುದಾ? ಅವರು ಡಾಕ್ಟರ ಹಾಗೆ ಔಷಧಿ ಬರೆಯುತ್ತಾರಂತೆ, ನಿಜವಾ?

ಉತ್ತರ: ಬರೆಯುತ್ತಾರೆ, ನಿಜ. ಆದರೆ ನೇರವಾಗಿ ಆಗೋಕೆ ಬರೋದಿಲ್ಲ.

ಮೊದಲು ಅಲ್ಲಿನ ಆರ್‌ಎನ್, ಅಂದರೆ ನೋಂದಾಯಿತ ನರ್ಸ್ ಆಗಬೇಕು. ಅದಕ್ಕೆ ಎನ್‌ಕ್ಲೆಕ್ಸ್ ಅನ್ನೋ ಲೈಸೆನ್ಸ್ ಪರೀಕ್ಷೆ, ಬೆಂಗಳೂರಿನಲ್ಲೇ ಬರೆಯಬಹುದು. ಅಂಕಪಟ್ಟಿ ಪರಿಶೀಲನೆ, ಇಂಗ್ಲಿಷ್ ಪರೀಕ್ಷೆ, ವೀಸಾ ಸರದಿ ಎಲ್ಲ ಸೇರಿ ವರ್ಷಗಳೇ ಹಿಡಿಯುತ್ತವೆ. ಆಮೇಲೆ ಅಲ್ಲಿ ಮಾನ್ಯತೆ ಇರುವ ಕಾಲೇಜಿನಲ್ಲಿ ಎಂಎಸ್‌ಎನ್ (ನರ್ಸಿಂಗ್ ಸ್ನಾತಕೋತ್ತರ ಪದವಿ) ಅಥವಾ ಡಿಎನ್‌ಪಿ (ನರ್ಸಿಂಗ್ ಡಾಕ್ಟರೇಟ್). ನಮ್ಮ ಎಂ.ಎಸ್ಸಿ. ನರ್ಸಿಂಗ್ ಇದ್ದರೂ ಅದರ ಬದಲಿಗೆ ನಡೆಯೋದಿಲ್ಲ. ಕೊನೆಗೆ ರಾಷ್ಟ್ರಮಟ್ಟದ ಪರೀಕ್ಷೆ, ರಾಜ್ಯದ ಲೈಸೆನ್ಸ್.

ಓದಿನ ಜೊತೆ ರೋಗಿಗಳನ್ನು ನೋಡಿ ಕಲಿಯೋದೂ ಇದೆ. ಹೊಸ ಮಾನದಂಡದಂತೆ ಅದು ಕನಿಷ್ಠ 750 ಗಂಟೆ. ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸುವವರನ್ನು ಪ್ರಿಸೆಪ್ಟರ್ ಅನ್ನುತ್ತಾರೆ. ಎಷ್ಟೋ ಕಾಲೇಜುಗಳು ಅವರನ್ನು ನೀವೇ ಹುಡುಕಿಕೊಳ್ಳಿ ಅಂದುಬಿಡುತ್ತವೆ. ಗುರುತು ಪರಿಚಯ ಇಲ್ಲದ ಊರಿನಲ್ಲಿ ಅದು ಸಣ್ಣ ತಲೆನೋವಲ್ಲ. ಫೀಸು ಕಟ್ಟುವ ಮುಂಚೆ ಇದೊಂದನ್ನು ಕೇಳಿಬಿಡಿ.

ಇನ್ನು ಕೆಲಸ. ವಾರ್ಡಿನಲ್ಲಿ ಡಾಕ್ಟರ ಆರ್ಡರ್ ಬರುತ್ತೆ, ನೀವು ಮಾಡ್ತೀರಿ. ಇಲ್ಲಿ ಆರ್ಡರ್ ಬರೆಯೋದೇ ನೀವು. ಮೂರು ವರ್ಷದ ಮಗು ಕಿವಿ ಹಿಡಿದುಕೊಂಡು ಅಳುತ್ತಾ ಬಂತು ಅನ್ನಿ. ಕಿವಿಯೊಳಗೆ ನೋಡುವ ಓಟೋಸ್ಕೋಪ್ ಇಟ್ಟು ನೋಡುತ್ತೀರಿ. ಕಿವಿತಮಟೆ ಬರೀ ಕೆಂಪಗಿದ್ದರೆ ಸಾಲದು, ಜೋರಾಗಿ ಅತ್ತರೂ ಕೆಂಪಾಗುತ್ತೆ. ಹೊರಕ್ಕೆ ಉಬ್ಬಿದೆಯಾ? ಉಬ್ಬಿದ್ದರೂ ಒಂದೇ ಕಿವಿ, ನೋವು ಕಮ್ಮಿ, ಜಾಸ್ತಿ ಜ್ವರ ಇಲ್ಲ ಅಂದ್ರೆ ಎರಡು ಮೂರು ದಿನ ಕಾಯಬಹುದು. ಆಂಟಿಬಯಾಟಿಕ್ ಬೇಕೇ ಬೇಕು ಅಂತ ಅಮ್ಮ ಪಟ್ಟು ಹಿಡಿದರೆ? ತೀರ್ಮಾನ ನಿಮ್ಮದು, ಚೀಟಿಯ ಕೆಳಗಿನ ಸಹಿಯೂ ನಿಮ್ಮದೇ. ಪಕ್ಕದ ಕೋಣೆಯಲ್ಲಿ ಅದೇ ಮಗುವಿನ ಅಜ್ಜಿ, ಸಕ್ಕರೆ ಕಾಯಿಲೆಗೆ. ಕಿಡ್ನಿ ರಿಪೋರ್ಟ್ ನೋಡದೆ ಅವರ ಸಕ್ಕರೆ ಮಾತ್ರೆ ಮೆಟ್‌ಫಾರ್ಮಿನ್ ಸುಮ್ನೆ ಮುಂದುವರಿಸುವ ಹಾಗಿಲ್ಲ. ಹೀಗೆ ಮಗುವಿನಿಂದ ಅಜ್ಜಿಯವರೆಗೆ ಒಂದೇ ಮನೆಯವರನ್ನು ವರ್ಷಾನುಗಟ್ಟಲೆ ನೋಡುವುದರಿಂದಲೇ 'ಫ್ಯಾಮಿಲಿ' ಅನ್ನೋ ಹೆಸರು. ಆಪರೇಷನ್, ಐಸಿಯು ಇವರ ಓದಿನ ವ್ಯಾಪ್ತಿಯಲ್ಲಿಲ್ಲ. ದಿನವಿಡೀ ನೋಡಿದ್ದನ್ನೆಲ್ಲ ಕಂಪ್ಯೂಟರಿಗೆ ಹಾಕುವಷ್ಟರಲ್ಲಿ ಎಷ್ಟೋ ಸಲ ರಾತ್ರಿಯಾಗುತ್ತೆ.

ಸ್ವಾತಂತ್ರ್ಯ ಎಲ್ಲ ಕಡೆ ಒಂದೇ ಅಲ್ಲ. ಅರಿಜೋನಾದಲ್ಲಿ ಸ್ವಂತ ಕ್ಲಿನಿಕ್ ಇಡಬಹುದು. ಟೆಕ್ಸಾಸ್‌ನಲ್ಲಿ ಔಷಧಿ ಬರೆಯಲು ಒಬ್ಬ ಡಾಕ್ಟರ ಜೊತೆ ಒಪ್ಪಂದ ಇರಲೇಬೇಕು. 1965ರಲ್ಲಿ ಕೊಲೊರಾಡೊದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ನರ್ಸ್, ಹೆನ್ರಿ ಸಿಲ್ವರ್ ಎಂಬ ಮಕ್ಕಳ ಡಾಕ್ಟರ ಜೊತೆ ಸೇರಿ ನರ್ಸ್ ಪ್ರಾಕ್ಟಿಷನರ್ ತರಬೇತಿ ಶುರು ಮಾಡಿದರು. ಆಗಿನಿಂದಲೂ ನರ್ಸ್‌ಗೆ ಎಷ್ಟು ಸ್ವಾತಂತ್ರ್ಯ ಅನ್ನೋ ಜಗ್ಗಾಟ ಡಾಕ್ಟರುಗಳ ಸಂಘಗಳ ಜೊತೆ ಇದ್ದೇ ಇದೆ.

ಈ ಕೆಲಸ ನಿಮಗೆ ಒಗ್ಗುತ್ತಾ ಅಂತ ಇಲ್ಲೇ ಸ್ವಲ್ಪ ನೋಡಬಹುದು. ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರದ (ಸರ್ಕಾರಿ ಆರೋಗ್ಯ ಕೇಂದ್ರ) ಸಿಎಚ್‌ಒ, ಅಂದರೆ ಸಮುದಾಯ ಆರೋಗ್ಯ ಅಧಿಕಾರಿ, ಹೆಚ್ಚಾಗಿ ನಿಮ್ಮ ಹಾಗೆ ನರ್ಸಿಂಗ್ ಓದಿದವರೇ. ಔಷಧಿ ಬರೆಯುವ ಅಧಿಕಾರ ಅಷ್ಟಿಲ್ಲ, ಆದರೆ ಬಿಪಿ, ಸಕ್ಕರೆ ಅಂತ ಊರಿನವರು ಮೊದಲು ಬರೋದು ಅವರ ಹತ್ತಿರವೇ. ಕೇಳಿಕೊಂಡು ಒಂದು ದಿನ ಅವರ ಪಕ್ಕ ಕೂತು ಬನ್ನಿ.